ಗಂಟೆ ಕೆಮ್ಮುವ ಮನೆಗಳ ಅಂದಾಜು

ಐವತ್ಮೂರನೆಯ ಸಾಲಿನ ಮುಂದೆ ‘ಇಲ್ಲ’ ಎಂದು ಬರೆದದ್ದು ನಿನ್ನೆ ಮಧ್ಯಾಹ್ನ. ಬರೆಯುವಾಗ ಪೆನ್ಸಿಲಿನ ಮೊನೆ ಮುರಿಯಲಿಲ್ಲ, ಆಕಾಶವೇನೂ ಕಳಚಿ ಬೀಳಲಿಲ್ಲ. ಮೇಲಿನ ಐವತ್ತೆರಡನೆಯದಕ್ಕೂ ‘ಇಲ್ಲ’ವೇ ಇತ್ತು, ಕೆಳಗಿನ ಐವತ್ನಾಲ್ಕನೆಯದಕ್ಕೂ. ಮೂರು ‘ಇಲ್ಲ’ಗಳು ಒಂದರ ಕೆಳಗೊಂದು ಅಕ್ಕತಂಗಿಯರ ಹಾಗೆ ಕೂತಿದ್ದವು, ನಡುವಿನವಳು ಸುಳ್ಳಿ ಎಂದು ಯಾರಿಗೂ ಗೊತ್ತಾಗುವಂತಿರಲಿಲ್ಲ. ಉಳಿದೆರಡಕ್ಕೆ, ಬರೆದವಳು ನಿಯಮದ ಪ್ರಕಾರ ಆ ಮನೆಗಳ ಫೋನಿನ ಗಂಟೆಯನ್ನು ಹನ್ನೆರಡು ಸಲ ಬಾರಿಸಿ, ಐದು ನಿಮಿಷ ಬಿಟ್ಟು ಮತ್ತೆ ಹನ್ನೆರಡು ಬಾರಿಸಿ, ಯಾರೂ ಎತ್ತದೆ ಹೋದ ಮೇಲೆ ಬರೆದಿದ್ದಳು. ನಡುವಿನದಕ್ಕೆ ಒಂದು ಗಂಟೆಯನ್ನೂ ಬಾರಿಸಿರಲಿಲ್ಲ. ಮೂವತ್ತೊಂದು ವರ್ಷದ ನೌಕರಿಯಲ್ಲಿ ಪರೀಕ್ಷೆ ಮಾಡದೆ ಫಲಿತಾಂಶ ಬರೆದದ್ದು ಇದೇ ಮೊದಲು. ಬೆಳಿಗ್ಗೆ ಬಂದವಳೇ ಪಟ್ಟಿ ತೆಗೆದು ನೋಡಿದಳು. ರಾತ್ರಿ ಕಳೆದರೆ ಅಕ್ಷರ ಅಳಿಸಿಹೋಗುತ್ತದೆಯೇ? ಅಲ್ಲೇ ಇತ್ತು, ದುಂಡಗೆ, ಅಂದವಾಗಿ. ಐವತ್ಮೂರನೆಯದು ಅವಳ ಅಕ್ಕನ ಮನೆಯ ನಂಬರು.

ಟೆಲಿಫೋನ್ ಕಚೇರಿಯ ಎರಡನೆಯ ಮಹಡಿಯಲ್ಲಿ ಕಿಟಕಿಗೆ ಬೆನ್ನು ಹಾಕಿ ನಿಂತ ಪರೀಕ್ಷಾ ಮೇಜು ಅವಳದು. ಒಂದು ಕಾಲಕ್ಕೆ ಅಲ್ಲಿ ಆರು ಮೇಜುಗಳಿದ್ದವು, ಆರು ಜನ ಹೆಂಗಸರಿದ್ದರು, ಒಬ್ಬಳಿಗೆ ನೆಗಡಿಯಾದರೆ ಆರೂ ಜನ ಸೀನುತ್ತಿದ್ದರು. ಈಗ ಉಳಿದದ್ದು ಒಂದು ಮೇಜು, ನೆಲದ ಮೇಲೆ ಇನ್ನೈದರ ಕಾಲಿನ ಗುರುತು. ಮೇಜಿನ ನಡುವೆ ಬಟ್ಟಲಗಲದ ಗಾಜು, ಅದರೊಳಗೆ ಕೂದಲೆಳೆಯಂಥ ಸೂಜಿ. ಮನೆಯ ನಂಬರು ಒತ್ತಿ ಪಕ್ಕದ ಹಿಡಿಕೆಯನ್ನು ಮುಂದಕ್ಕೆ ತಳ್ಳಿದರೆ ಸೂಜಿ ಆ ಮನೆಯ ಸುದ್ದಿ ಹೇಳುತ್ತದೆ. ಆ ತುದಿಯಲ್ಲಿ ನಿಜವಾದ ಲೋಹದ ಗಂಟೆಯುಳ್ಳ ಹಳೆಯ ಫೋನಿದ್ದರೆ ಸೂಜಿ ಒಮ್ಮೆ ಮೇಲಕ್ಕೆ ಹಾರಿ, ಮೆಲ್ಲಗೆ ಇಳಿದು ಮಲಗುತ್ತದೆ, ನಿದ್ದೆಯಲ್ಲಿದ್ದವರನ್ನು ಕರೆದಾಗ ಹುಬ್ಬೆತ್ತಿ ಮತ್ತೆ ಮಗ್ಗುಲಾದ ಹಾಗೆ. ಫೋನೇ ಇಲ್ಲದಿದ್ದರೆ, ಅಥವಾ ಇದ್ದದ್ದು ಗಂಟೆಯಿಲ್ಲದ ಹೊಸಬಗೆಯದಾದರೆ, ಅಲ್ಲಾಡುವುದಿಲ್ಲ. ಯಾರಾದರೂ ಎತ್ತಿ ಹಿಡಿದಿದ್ದರೆ ಬಲತುದಿಗೆ ಹೋಗಿ ಅಲ್ಲೇ ನಿಲ್ಲುತ್ತದೆ. ಈ ಮೂರು ಮಾತು ಬಿಟ್ಟರೆ ಸೂಜಿಗೆ ಬೇರೆ ಭಾಷೆಯಿಲ್ಲ; ಆ ಭಾಷೆ ಬಲ್ಲವರೂ ಈಗ ಅವಳೊಬ್ಬಳೇ. ಅದಕ್ಕೇ ಅವಳನ್ನು ಎಲ್ಲರೂ ಸೂಜಿಯಮ್ಮ ಎನ್ನುತ್ತಿದ್ದರು. ಹೊಗಳಿಕೆಯೋ ಚುಚ್ಚೋ ಎಂದು ಅವಳು ಕೇಳಲು ಹೋಗಿರಲಿಲ್ಲ. ಹಿಡಿಕೆ ತಳ್ಳಿದಾಗ ಆ ತುದಿಯ ಹಳೆಯ ಗಂಟೆ ‘ಟಿಣ್’ ಎಂದು ಅರ್ಧ ಮಾತ್ರ ಅಲುಗುತ್ತದೆ. ಲೈನಿನ ಕೆಲಸದವರು ಅದಕ್ಕೆ ಗಂಟೆ ಕೆಮ್ಮಿತು ಎನ್ನುತ್ತಾರೆ. ಮನೆಯವರು ಲೋಟಕ್ಕೆ ಚಮಚ ತಗುಲಿತೆಂದುಕೊಂಡು ಸುಮ್ಮನಾಗುತ್ತಾರೆ.

ಪಟ್ಟಿ ಬಂದು ಇವತ್ತಿಗೆ ಮೂರು ದಿನ. ತಂದವನು ಮೇಲಿನ ಕಚೇರಿಯ ಅಧಿಕಾರಿ, ಮೂವತ್ತರ ಆಸುಪಾಸು, ತುಂಬ ಮರ್ಯಾದಸ್ಥ, ಕುರ್ಚಿ ಎಳೆಯುವಾಗಲೂ ಸದ್ದಾಗದ ಹಾಗೆ ಎತ್ತಿ ಇಡುವವನು. “ಅಮ್ಮ, ನಾಲ್ಕನೇ ಚೌಕಟ್ಟಿನಲ್ಲಿ ಸಾವಿರದ ಆರುನೂರ ನಲವತ್ತು ತಂತಿಗಳಿವೆ. ಅದರಲ್ಲಿ ಎಷ್ಟು ಮನೇಲಿ ಹಳೇ ಫೋನು ಇನ್ನೂ ಬಳಕೇಲಿದೆ ಅನ್ನೋದು ಯಾರಿಗೂ ಗೊತ್ತಿಲ್ಲ,” ಎಂದಿದ್ದ. ನಾನೂರಿದ್ದರೆ, ಮನೆಗಳ ತಂತಿಗಳೆಲ್ಲ ಬಂದು ಸೇರುವ ಆ ಚೌಕಟ್ಟು ಇನ್ನೊಂದು ವರ್ಷ ಉಳಿಯುತ್ತದೆ. ಒಂದು ಕಡಿಮೆಯಾದರೂ ತಿಂಗಳ ಕೊನೆಗೆ ತಾಮ್ರದ ತಂತಿ ಕಿತ್ತು ಸಾಗಿಸುತ್ತಾರೆ. ಎಲ್ಲವನ್ನೂ ನೋಡುವಷ್ಟು ಸಮಯವಿಲ್ಲ. ಇಪ್ಪತ್ತಕ್ಕೊಂದರಂತೆ ಎಂಬತ್ತೆರಡು ನಂಬರು ಆರಿಸಿದೆ, ಅಷ್ಟು ನೋಡಿ, ಬಂದದ್ದನ್ನು ಇಪ್ಪತ್ತರಿಂದ ಗುಣಿಸಿದರಾಯಿತು. “ಅನ್ನ ಬೆಂದಿದೆಯಾ ಅಂತ ನೋಡೋಕೆ ಒಂದಗುಳು ಹಿಸುಕಿದರೆ ಸಾಕಲ್ವಾ ಅಮ್ಮ, ಇಡೀ ಪಾತ್ರೆ ಹಿಸುಕ್ತೀವಾ?” ಅವಳು ತಲೆಯಾಡಿಸಿದ್ದಳು. ಹಿಸುಕಿದ ಅಗುಳನ್ನು ಯಾರೂ ಪಾತ್ರೆಗೆ ವಾಪಸು ಹಾಕುವುದಿಲ್ಲವಲ್ಲ ಎಂದು ಆಮೇಲೆ ಹೊಳೆಯಿತು. ಅವಳಿಗೆ ಎಲ್ಲ ಆಮೇಲೇ ಹೊಳೆಯುವುದು. ಅವನು ಮೆಟ್ಟಿಲಿಳಿದು ಹೋದ ಮೇಲೆ ಲೈನಿನ ಮುದುಕ ಇಣುಕಿದ್ದ. ಕಂಬ ಹತ್ತಿ ಹತ್ತಿ ಕಂಬಯ್ಯನೆಂದೇ ಹೆಸರಾದವನು. “ಏನಂತಾನೆ ಅಂದಾಜಪ್ಪ?” “ಇಪ್ಪತ್ತು ಮನೆಗೆ ಒಂದು ಮನೆ ನೋಡಿದ್ರೆ ಸಾಕಂತೆ.” “ಹಾಗಾದ್ರೆ ಸಂಬಳಾನೂ ಇಪ್ಪತ್ತು ಜನಕ್ಕೆ ಒಬ್ಬರಿಗೆ ಕೊಡ್ತಾನೇನೋ ಕೇಳಬೇಕಿತ್ತು,” ಎಂದು ಅವನು ತನ್ನ ಹಗ್ಗದ ಸುರುಳಿಯನ್ನು ಹೆಗಲಿಗೇರಿಸಿ ಹೋಗಿದ್ದ. ನಗುತ್ತಲೇ ಪಟ್ಟಿ ಬಿಡಿಸಿದ್ದಳು. ಐವತ್ಮೂರಕ್ಕೆ ಬಂದಾಗ ನಗು ಬಾಯಲ್ಲೇ ಒಣಗಿತ್ತು. ನಂಬರಿನ ಪಕ್ಕ ಹೆಸರಿರಲಿಲ್ಲ, ವಿಳಾಸವಿರಲಿಲ್ಲ. ಬೇಕಾಗಿಯೂ ಇರಲಿಲ್ಲ. ಹನ್ನೊಂದು ವರ್ಷದಿಂದ ದಿನಾ ಬೆಳಿಗ್ಗೆ ಹತ್ತು ಗಂಟೆಗೆ, ಬೇರೆ ಯಾವ ಕೆಲಸಕ್ಕೂ ಮೊದಲು, ಅವಳ ಬೆರಳು ತಾನಾಗಿ ಒತ್ತುತ್ತಿದ್ದ ನಂಬರು ಅದು.

ಒತ್ತಿ ಮಾತಾಡುತ್ತಿರಲಿಲ್ಲ. ಗಂಟೆ ಬಾರಿಸುತ್ತಿರಲಿಲ್ಲ. ಬರೀ ಹಿಡಿಕೆ ತಳ್ಳುವುದು, ಸೂಜಿ ಹಾರುವುದನ್ನು ನೋಡುವುದು, ಬಿಡುವುದು. ಅಕ್ಕನ ಮನೆಯ ನಡುಕೋಣೆಯ ಮೂಲೆಯಲ್ಲಿ, ಮೂರು ಕಾಲಿನ ಸಣ್ಣ ಮೇಜಿನ ಮೇಲೆ, ಕಪ್ಪು ಫೋನು ಇದೆ. ಅಷ್ಟೇ. ಅದನ್ನು ಪ್ರೀತಿ ಎಂದು ಯಾರಾದರೂ ಹೇಳಿದ್ದರೆ ಸಿಟ್ಟಾಗುತ್ತಿದ್ದಳು. ಹಲ್ಲು ಬಿದ್ದ ಜಾಗಕ್ಕೆ ನಾಲಿಗೆ ಹೋಗುತ್ತದಲ್ಲ, ಹಾಗೆ, ಚಟ. ಕಳ್ಳತನದ ಚಟ. ಯಾರ ದೂರೂ ಇಲ್ಲದೆ ಒಂದು ಮನೆಯ ತಂತಿ ಮುಟ್ಟುವುದು ತಪ್ಪು; ಆದರೆ ಸೂಜಿ ಒಂದು ಕ್ಷಣ ಹಾರಿದ್ದಕ್ಕೆ ಯಾವ ಪುಸ್ತಕದಲ್ಲೂ ಗುರುತು ಉಳಿಯುವುದಿಲ್ಲ. ಈಗ ಅದೇ ನಂಬರು ಸರ್ಕಾರಿ ಹಾಳೆಯ ಮೇಲೆ ಅಚ್ಚಾಗಿ ಬಂದು ಕೂತ ಮೇಲೆ ಕೈ ಹೋಗಲಿಲ್ಲ. ಮುಚ್ಚಿ ತಿನ್ನುತ್ತಿದ್ದುದನ್ನು ಯಾರೋ ತಟ್ಟೆಗೆ ಬಡಿಸಿ ಮುಂದಿಟ್ಟು ‘ತಿನ್ನಿ’ ಎಂದ ಹಾಗಾಯಿತು. ಮೂರು ದಿನದಿಂದ ಹತ್ತು ಗಂಟೆ ಬಂತು, ಹೋಯಿತು. ಉಳಿದ ನಂಬರುಗಳನ್ನು ಅವಳು ಕ್ರಮವಾಗಿ ನೋಡುತ್ತ ಬಂದಳು. ಒಂಬತ್ತನೆಯದು ಬಟ್ಟೆ ಹೊಲಿಯುವವಳ ಮನೆ. “ಬಳಕೇಲಿದೆಯಾ ಅಂದ್ರೆ? ಅಯ್ಯೋ, ದಿನವಿಡೀ ಬಳಸ್ತೀನಿ. ಕತ್ತರಿಸಿದ ಬಟ್ಟೆ ಹಾರದ ಹಾಗೆ ಇದನ್ನೇ ಹೇರೋದು, ಇಷ್ಟು ಭಾರದ್ದು ಬೇರೇನು ಸಿಗುತ್ತೆ?” ಅದಕ್ಕೆ ‘ಹೌದು’ ಬರೆಯಬೇಕೋ ‘ಇಲ್ಲ’ವೋ ಎಂದು ಪೆನ್ಸಿಲು ಕಚ್ಚುತ್ತ ಕೂತು, ಎತ್ತಿ ಮಾತಾಡಿದಳಲ್ಲ ಎಂದು ‘ಹೌದು’ ಹಾಕಿದ್ದಳು. ಇಪ್ಪತ್ತೇಳನೆಯದರಲ್ಲಿ ಒಬ್ಬ ಮುದುಕ ಎತ್ತಿ, “ಯಾರಾದ್ರೂ ಹೋದ್ರಾ?” ಎಂದು ಕೇಳಿದ್ದ. ಇಲ್ಲ, ಕಚೇರಿಯಿಂದ ಸುಮ್ಮನೆ ವಿಚಾರಿಸುತ್ತಿದ್ದೇವೆ ಎಂದಾಗ, “ಸದ್ಯ! ಈ ಫೋನು ಬಡಕೊಂಡ್ರೆ ಯಾರೋ ಹೋದ್ರು ಅಂತಲೇ ಅರ್ಥ. ಸುಮ್ಮನೆ ಮಾಡಿದವರು ನೀವೇ ಮೊದಲು, ಇನ್ನೂ ಸ್ವಲ್ಪ ಮಾತಾಡಿ,” ಎಂದು ಅವಳನ್ನು ಹತ್ತು ನಿಮಿಷ ಬಿಟ್ಟಿರಲಿಲ್ಲ. ಸೂಜಿ ಹಾರಿದ ಮನೆಗಳೆಲ್ಲ ಎತ್ತಲಿಲ್ಲ. ಎಲ್ಲೋ ಗೋಡೆಗೆ ನೇತುಬಿದ್ದ ಫೋನು ಖಾಲಿ ಕೋಣೆಯಲ್ಲಿ ಹನ್ನೆರಡು ಸಲ ಬಡಿದುಕೊಳ್ಳುವುದನ್ನು ಕೇಳುತ್ತ ಕೂತಾಗ ಅವಳಿಗೆ ಮೊದಲ ಸಲ ಹೆದರಿಕೆಯಾಯಿತು. ಹನ್ನೊಂದು ವರ್ಷ ಅವಳು ನೋಡಿದ್ದು ಫೋನನ್ನು. ಅಕ್ಕನನ್ನಲ್ಲ. ಮನುಷ್ಯರಿಲ್ಲದಿದ್ದರೂ ಗಂಟೆ ಕೆಮ್ಮುತ್ತದೆ, ಸೂಜಿ ಹಾರುತ್ತದೆ.

ನಿನ್ನೆ ‘ಇಲ್ಲ’ ಬರೆದದ್ದು ಆ ಹೆದರಿಕೆಗೋ, ಅಕ್ಕನ ಹಳೆಯ ಮಾತೊಂದಕ್ಕೋ? ಎರಡೂ ಹುರಿಗೊಂಡು ಒಂದೇ ದಾರವಾಗಿದ್ದವು, ಯಾವ ಎಳೆ ಯಾವುದು ಎಂದು ಬಿಡಿಸಲಾಗುತ್ತಿರಲಿಲ್ಲ. ಹನ್ನೊಂದು ವರ್ಷದ ಹಿಂದಿನ ಮಾತು, ಅಮ್ಮ ತೀರಿಹೋಗಿ ಒಂದೂವರೆ ತಿಂಗಳಾಗಿತ್ತು ಆಗ. ಅಕ್ಕನ ಲೈನಿನಲ್ಲಿ ಗರಗರ ಸದ್ದು ಎಂದು ದೂರು ಬಂದಿತ್ತು. ಅಕ್ಕನೇ ಬರೆಸಿದ್ದಳು, ತಂಗಿ ಅಲ್ಲಿದ್ದಾಳೆಂದು ಹೆಮ್ಮೆಯಿಂದ. ಪರೀಕ್ಷೆಗೆ ಮೊದಲು ಯಾರಾದರೂ ಮಾತಾಡುತ್ತಿದ್ದಾರೆಯೇ ಎಂದು ಕಿವಿಗೊಟ್ಟು ನೋಡಬೇಕು, ಒಂದು ಉಸಿರು ಮಾತ್ರ, ಮಾತು ಕೇಳಿದರೆ ಕೂಡಲೇ ಈಚೆ ಬರಬೇಕು. ಇದು ಕೆಲಸಕ್ಕೆ ಸೇರಿದ ಮೊದಲ ದಿನ ಕಲಿಸುವ ಪಾಠ. ಇನ್ನೊಬ್ಬರ ತಂತಿಯಲ್ಲಿ ಎರಡನೆಯ ಉಸಿರು ತೆಗೆದುಕೊಂಡವಳು ಈ ಮೇಜಿಗೆ ಲಾಯಕ್ಕಲ್ಲ ಎಂದು ಹೇಳುತ್ತಿದ್ದ ಹಿರಿಯಳು ಒಬ್ಬಳಿದ್ದಳು. ಆ ದಿನ ಅವಳು ಎರಡನೆಯ ಉಸಿರು ತೆಗೆದುಕೊಂಡಳು, ಮೂರನೆಯದನ್ನೂ. ಅಕ್ಕ ಚಿಕ್ಕಮ್ಮನ ಜೊತೆ ಮಾತಾಡುತ್ತಿದ್ದಳು. “ನನ್ನ ತಂಗಿ ವಿಷಯ ಬಿಡು ಚಿಕ್ಕಮ್ಮ. ಅಮ್ಮ ಸಾಯೋವಾಗ ನಾಡಿ ಹಿಡಿದಿದ್ಲು, ಕೈ ಹಿಡೀಲಿಲ್ಲ. ಗಡಿಯಾರ ನೋಡ್ತಾ ಕೂತಿದ್ಲು. ಅವಳಿಗೆ ಮನುಷ್ಯರು ಬೇಡ, ಸೂಜಿ ಸಾಕು.” ಕಡ್ಡಿ ಮುರಿದ ಹಾಗೆ ಹೇಳಿದ್ದಳು. ಸಿಟ್ಟಿನಿಂದಲ್ಲ. ತರಕಾರಿ ಹೆಚ್ಚುತ್ತ ಹೇಳುವ ಹಾಗೆ ತಣ್ಣಗೆ. ಸುಳ್ಳಾಗಿದ್ದರೆ ಅವಳು ಅದೇ ಸಂಜೆ ಹೋಗಿ ಬಾಗಿಲು ಬಡಿದು ಜಗಳ ತೆಗೆಯುತ್ತಿದ್ದಳು. ಆದರೆ ಎರಡು ಬೆರಳು ಅಮ್ಮನ ಮಣಿಕಟ್ಟಿನ ಮೇಲಿದ್ದದ್ದು ನಿಜ, ಕಣ್ಣು ಗೋಡೆಯ ಗಡಿಯಾರದ ಮೇಲಿದ್ದದ್ದು ನಿಜ. ಅರವತ್ತನಾಲ್ಕು, ಐವತ್ತೆಂಟು, ಐವತ್ತೊಂದು. ಎಣಿಕೆ ತಪ್ಪಿದರೆ ಅಮ್ಮ ಹೋಗಿಬಿಡುತ್ತಾಳೆ ಎಂಬ ಹಾಗೆ ಎಣಿಸಿದ್ದಳು. ಎಣಿಕೆ ತಪ್ಪಲಿಲ್ಲ. ಅಮ್ಮ ಹೋದಳು. ಅಮ್ಮನ ಅಂಗೈ ಹಾಸಿಗೆಯ ಮೇಲೆ ಮೇಲ್ಮುಖವಾಗಿ ತೆರೆದೇ ಇತ್ತು, ಯಾರೋ ಏನೋ ಇಡುತ್ತಾರೆಂದು ಕಾದ ಹಾಗೆ. ಇದೆಲ್ಲವನ್ನೂ ಅಕ್ಕನಿಗೆ ಹೇಳಬೇಕೆಂದರೆ ಮೊದಲು, ನಿನ್ನ ಮಾತು ಕದ್ದು ಕೇಳಿದೆ ಎಂದು ಹೇಳಬೇಕು. ಕದ್ದವಳಿಗೆ ಜಗಳಾಡುವ ಬಾಯಿ ಎಲ್ಲಿಂದ ಬರಬೇಕು? ಕಳ್ಳನ ಹೆಂಡತಿಯ ಹಾಗೆ ಒಳಗೊಳಗೇ ಅತ್ತಿದ್ದಳು. ಆಮೇಲೆ ಅಕ್ಕ ಇವಳ ಮನೆಗೆ ಮೂರು ಸಲ ಫೋನು ಮಾಡಿದಳು. ಮೂರು ಸಲವೂ ಇವಳು ಅಕ್ಕನ ‘ಹಲೋ’ ಕೇಳಿ ಮೆತ್ತಗೆ ಇಟ್ಟುಬಿಟ್ಟಳು. ನಾಲ್ಕನೆಯ ಸಲ ಅಕ್ಕ ಮಾಡಲಿಲ್ಲ. ಹಾಗೆ ಹನ್ನೊಂದು ವರ್ಷ.

ಹನ್ನೊಂದೂವರೆಗೆ ಎಂಬತ್ತೆರಡನೆಯ ನಂಬರು ಮುಗಿಯಿತು. ಅದು ಚಪ್ಪಲಿ ಅಂಗಡಿ, ಅಂಗಡಿಯವನು ಒಂದು ಕೈಯಲ್ಲಿ ಗಿರಾಕಿಯ ಕಾಲು ಹಿಡಿದುಕೊಂಡೇ ಮಾತಾಡಿದ. ‘ಹೌದು’ಗಳನ್ನು ಎಣಿಸಿದಳು. ಹತ್ತೊಂಬತ್ತು. ಮತ್ತೆ ಎಣಿಸಿದಳು, ಕೆಳಗಿನಿಂದ ಮೇಲಕ್ಕೆ. ಹತ್ತೊಂಬತ್ತೇ. ಇಪ್ಪತ್ತರಿಂದ ಗುಣಿಸಲು ಅವಳಿಗೆ ಕಾಗದ ಬೇಕಾಗಲಿಲ್ಲ, ಮುನ್ನೂರ ಎಂಬತ್ತು. ಕಿಟಕಿಯ ಹೊರಗೆ ಯಾರೋ ಏಣಿ ಎಳೆಯುವ ಸದ್ದು. ನೌಕರಿಗೇನೂ ಕುತ್ತಿಲ್ಲ, ಎಂಟು ತಿಂಗಳಿಗೆ ಹೇಗೂ ನಿವೃತ್ತಿ. ಚೌಕಟ್ಟು ಹೋದರೆ ಕೆಳಗಿನ ಮಹಡಿಯಲ್ಲಿ ಕಾಗದ ಜೋಡಿಸಲು ಕೂರಿಸುತ್ತಾರೆ. ಹೋಗುವುದು ತಂತಿ. ಹೋಗುವುದು ಹತ್ತು ಗಂಟೆ. ಅಧಿಕಾರಿ ಮೆಟ್ಟಿಲು ಹತ್ತಿ ಬಂದ, ಬಾಗಿಲಲ್ಲಿ ನಿಂತೇ ಕೇಳಿದ, “ಎಷ್ಟಾಯ್ತಮ್ಮ?”

“ಹತ್ತೊಂಬತ್ತು.”

“ಅಯ್ಯೋ, ಒಂದೇ ಒಂದು ಕಡಿಮೆ ಆಯ್ತಲ್ಲ,” ಎಂದ. ನಿಜಕ್ಕೂ ಬೇಜಾರಾದವನ ಹಾಗೆ ಕಂಡ. ಒಳ್ಳೆಯ ಮನುಷ್ಯ, ತಾಮ್ರ ಕೀಳಲು ಬಂದವನಲ್ಲ, ಎಣಿಸಲು ಬಂದವನು. “ಏನ್ ಮಾಡೋಕಾಗುತ್ತೆ. ನಾಲ್ಕು ಗಂಟೆಗೆ ಕಳಿಸಬೇಕು. ಒಂದ್ಸಲ ಕಣ್ಣಾಡಿಸಿ ಸಹಿ ಮಾಡಿಡಿ. ನೀವು ನೋಡಿದ್ದು ಅಂದ್ರೆ ನಾನು ಮತ್ತೆ ನೋಡೋದು ಬೇಕಿಲ್ಲ ಅಂತ ಎಲ್ಲರೂ ಹೇಳಿದ್ರು.” ಅವನು ಹೋದ. ಆ ಕೊನೆಯ ಮಾತು ಕಪಾಳಕ್ಕೆ ಹೊಡೆದ ಹಾಗಿತ್ತು. ಹೊಡೆದವನಿಗೆ ಗೊತ್ತೇ ಇರಲಿಲ್ಲ.

ಕಂಬಯ್ಯ ಊಟದ ಡಬ್ಬಿ ಹಿಡಿದು ಬಂದು ಎದುರಿಗೆ ಕೂತ. “ಏನು ಸೂಜಿಯಮ್ಮ, ಮುಖ ಹರಳೆಣ್ಣೆ ಕುಡಿದ ಹಾಗಿದೆ.”

“ನೀನು ಯಾವತ್ತಾದ್ರೂ ಕಂಬ ಹತ್ತದೆ ಹತ್ತಿದೆ ಅಂತ ಬರೆದಿದ್ದೀಯ?”

“ಎಷ್ಟು ಸಲ! ಮಳೇಲಿ ಯಾವನು ಹತ್ತುತ್ತಾನೆ? ಕೆಳಗಿಂದಲೇ ನಮಸ್ಕಾರ ಹಾಕಿ ಬರೆದಿದ್ದೀನಿ.” ಒಂದು ತುತ್ತು ಅಗಿದು, “ಆದ್ರೆ ಮಾರನೇ ದಿನ ಹತ್ತಿದ್ದೀನಿ. ಹತ್ತದೆ ಬಿಟ್ಟ ಕಂಬ ರಸ್ತೇಲಿ ಹೋಗೋವಾಗೆಲ್ಲ ನನ್ನನ್ನೇ ನೋಡುತ್ತೆ ಕಣಮ್ಮ. ಹಾಳಾದ್ದು, ಇಡೀ ಬೀದೀಲಿ ಅದೊಂದೇ ಕಂಬ ಇದೆಯೇನೋ ಅನ್ನಿಸುತ್ತೆ.” ಡಬ್ಬಿಯ ಮುಚ್ಚಳದಲ್ಲಿ ಅವಳಿಗೂ ಒಂದಿಷ್ಟು ಹಾಕಿಟ್ಟು ಹೋದ.

ಅವನ ಹೆಜ್ಜೆ ಕೆಳಗೆ ಇಳಿದು ಮುಗಿಯುವವರೆಗೆ ಕಾದಳು. ಈಗ ಬಾರಿಸಿದರೆ ಯಾಕೆ ಬಾರಿಸಿದ ಹಾಗಾಯಿತು? ಇಪ್ಪತ್ತನೆಯದು ಬೇಕಾಗಿದೆ ಎಂದು, ಅಕ್ಕ ಬೇಕಾಗಿದ್ದಾಳೆಂದಲ್ಲ. ಹನ್ನೊಂದು ವರ್ಷ ಬಾರಿಸದವಳು ಲೆಕ್ಕಕ್ಕೆ ಒಂದು ಕಡಿಮೆಬಿದ್ದಾಗ ಬಾರಿಸುವುದು. ನಾಡಿಯೇ, ಮತ್ತೆ ನಾಡಿಯೇ ಹಿಡಿದ ಹಾಗೆ. ಅಕ್ಕ ಹೇಳಿದ್ದು ಎಷ್ಟು ಸರಿ. ಬಾರಿಸದೆ ಬಿಟ್ಟರೆ? ಆಗ ಅಕ್ಕನೊಬ್ಬಳನ್ನೇ ಅಲ್ಲ, ಅವಳ ಹೆಸರಿನಲ್ಲಿ ನಿಂತ ಇಪ್ಪತ್ತು ಮನೆಗಳನ್ನು ಅಳಿಸಿದ ಹಾಗೆ. ಬಟ್ಟೆ ಹೊಲಿಯುವವಳ ಭಾರದ ಫೋನು, ‘ಯಾರಾದ್ರೂ ಹೋದ್ರಾ’ ಎಂದ ಮುದುಕ, ಎಲ್ಲರ ತಂತಿಯೂ ಹೋದ ಹಾಗೆ. ಬೆರಳು ನಂಬರು ಒತ್ತಿಬಿಟ್ಟಿತ್ತು, ಅದಕ್ಕೆ ಯೋಚನೆ ಬೇಕಿರಲಿಲ್ಲ. ಪರೀಕ್ಷೆಯ ಹಿಡಿಕೆಯನ್ನಲ್ಲ, ಅದರ ಪಕ್ಕದ, ಗಂಟೆ ಬಾರಿಸುವ ಹಿಡಿಕೆಯನ್ನು ತಳ್ಳಿದಳು. ಒಂದು. ಎರಡು. ಆ ಕೋಣೆಯಲ್ಲಿ ಅದು ಹೇಗೆ ಕೇಳುತ್ತದೆ ಎಂಬುದು ಅವಳಿಗೆ ನೆನಪಿತ್ತು, ಗಾಜಿನ ಕಪಾಟಿನ ಬಾಗಿಲು ಸಣ್ಣಗೆ ನಡುಗುತ್ತಿತ್ತು. ನಾಲ್ಕು. ಐದು. ಅಕ್ಕನಿಗೆ ಈಗ ಅರವತ್ತಾರು, ಮೊಣಕಾಲು ಆಗಲೇ ಸರಿಯಿರಲಿಲ್ಲ. ಏಳು. ಖಾಲಿ ಮನೆಯ ಗಂಟೆಗೂ ತುಂಬಿದ ಮನೆಯ ಗಂಟೆಗೂ ಈ ತುದಿಯಲ್ಲಿ ವ್ಯತ್ಯಾಸವೇ ಇಲ್ಲವಲ್ಲ ಎಂದು ಮೂವತ್ತೊಂದು ವರ್ಷದ ಮೇಲೆ ಅವಳಿಗೆ ಅನ್ನಿಸಿತು. ಎಂಟು. ಎಡಗೈಯ ಎರಡು ಬೆರಳು ತನ್ನದೇ ಬಲ ಮಣಿಕಟ್ಟಿನ ಮೇಲೆ ಹೋಗಿ ಕೂತದ್ದನ್ನು ನೋಡಿ ನಾಚಿಕೆಯಾಗಿ ತೆಗೆದಳು. ಒಂಬತ್ತು. ಗಂಟೆ ಅರ್ಧದಲ್ಲಿ ನಿಂತಿತು.

‘ಹಲೋ’ ಬರಲಿಲ್ಲ. ಏದುಸಿರು ಬಂತು. ಆಮೇಲೆ, “ಯಾಕೆ ಮೂರು ದಿನದಿಂದ ಬರಲಿಲ್ಲ?”

ಅವಳಿಗೆ ಅರ್ಥವಾಗಲಿಲ್ಲ. ಬೇರೆ ಯಾರನ್ನೋ ಕಾಯುತ್ತಿದ್ದಾಳೆ ಎಂದುಕೊಂಡಳು, ಹಾಲಿನವನನ್ನೋ, ಕೆಲಸದವಳನ್ನೋ. ನಾಲಿಗೆ ತುದಿಯಲ್ಲಿದ್ದದ್ದು ಅಚ್ಚಾದ ಪ್ರಶ್ನೆಯೊಂದೇ. “ಟೆಲಿಫೋನ್ ಕಚೇರಿಯಿಂದ. ಈ ಫೋನು ಬಳಕೆಯಲ್ಲಿದೆಯೇ?”

“ಇದೆ. ದಿನಾ ಬೆಳಿಗ್ಗೆ ಹತ್ತಕ್ಕೆ,” ಎಂದಿತು ಆ ತುದಿ. “ಹುಷಾರಿಲ್ವೇನೇ ಸಣ್ಣಿ? ನಿನ್ನೆ ಸೀರೆ ಉಟ್ಟು ಹೊರಟೇಬಿಟ್ಟಿದ್ದೆ, ಮೆಟ್ಟಿಲಿಳಿಯೋಕೆ ಈ ಮಂಡಿ ಬಿಡಲಿಲ್ಲ. ಆ ವರ್ಷ ಎರಡು ತಿಂಗಳು ಕೆಮ್ಮದೇ ಇದ್ದಾಗಲೂ ಹೀಗೇ ಆಗಿತ್ತು. ಆಮೇಲೆ ಗೊತ್ತಾಯ್ತು ನಿನಗೆ ಆಪರೇಷನ್ ಆಗಿತ್ತು ಅಂತ, ಅದೂ ಚಿಕ್ಕಮ್ಮ ಹೇಳಿದ್ಲು.”

“ಕೆಮ್ಮದೇ ಇದ್ದಾಗ ಅಂದ್ರೆ?”

“ಗಂಟೆ ಕಣೇ. ನೀನೇ ಅಲ್ವಾ ಹೇಳಿದ್ದು? ಈ ಫೋನು ಹಾಕಿಸಿದ ದಿನ, ಕುರ್ಚಿ ಮೇಲೆ ಕಾಲು ಮಡಚಿ ಕೂತು, ದೊಡ್ಡ ಪಂಡಿತಳ ಹಾಗೆ, ‘ಅಕ್ಕ, ಗಂಟೆ ಅರ್ಧ ಕೆಮ್ಮಿದ್ರೆ ನಾನೇ ಅಂದ್ಕೋ, ಮೇಜಿನಿಂದ ನಿನ್ನ ಮನೆ ಮುಟ್ಟಿ ನೋಡ್ತಿರ್ತೀನಿ’ ಅಂತ. ಮರೆತೆಯಾ?”

ಮರೆತಿದ್ದಳು. ಪೂರ್ತಿ ಮರೆತಿದ್ದಳು. ಕೆಲಸ ಹೊಸತಾಗಿದ್ದಾಗ ಯಾರ್ಯಾರಿಗೋ ಏನೇನೋ ಜಂಬ ಕೊಚ್ಚಿಕೊಂಡಿದ್ದಳು, ಅದರಲ್ಲಿ ಇದೂ ಒಂದಿರಬೇಕು. ಹನ್ನೊಂದು ವರ್ಷ ಕಳ್ಳಿಯ ಹಾಗೆ ಬೆರಳ ತುದಿಯಲ್ಲಿ ಮುಟ್ಟಿ ಓಡಿಬರುತ್ತಿದ್ದಾಗ ಆ ಮನೆಯಲ್ಲಿ ಒಬ್ಬಳು ಹತ್ತು ಗಂಟೆಗೆ ಕೆಲಸ ಬಿಟ್ಟು ಬಂದು ಮೂರು ಕಾಲಿನ ಮೇಜಿನ ಪಕ್ಕ ಕೂತಿರುತ್ತಿದ್ದಳು. ಅಕ್ಕ ನಿಲ್ಲಿಸಲಿಲ್ಲ, ಬಾವಿಗೆ ಬಿಟ್ಟ ಹಗ್ಗದ ಹಾಗೆ ಒಂದೇ ಸಮನೆ ಇಳಿಯುತ್ತಿದ್ದಳು. “ನಿಮ್ಮ ಕಚೇರಿಯವರು ಎರಡು ಸಲ ಬಂದ್ರು, ಹಳೇದು ಕೊಡಿ, ಒತ್ತೋ ಗುಂಡಿ ಇರೋ ಹೊಸದು ಹಾಕ್ತೀವಿ ಅಂತ. ಅದು ಕೆಮ್ಮುತ್ತೇನಪ್ಪಾ ಅಂತ ಕೇಳಿದೆ. ಇಲ್ಲಮ್ಮ, ಅದು ಹಾಡುತ್ತೆ ಅಂದ. ಹಾಗಾದ್ರೆ ನಿನ್ನ ಹೊಸದನ್ನ ವಾಪಸು ತಗೊಂಡು ಹೋಗು ಅಂದೆ. ನನ್ನನ್ನ ಅರೆಮರುಳು ಅಂದ್ಕೊಂಡಿರಬೇಕು.”

“ಅಕ್ಕ,” ಎಂದಳು. ಆ ಪದ ಬಾಯಿಗೆ ಒರಟಾಗಿ ಬಂತು, ಬಹಳ ದಿನ ತೆಗೆಯದ ಕಿಟಕಿಯ ಹಾಗೆ. “ಅಕ್ಕ, ನಾನು ಒಂದಿನ ನಿನ್ನ ಲೈನಿನಲ್ಲಿ…”

“ಗೊತ್ತು.”

“ಏನು ಗೊತ್ತು?”

“ಟಕ್ ಅಂತು. ಸ್ವರ ಸಣ್ಣಗಾಯ್ತು. ಯಾರೋ ಬಾಗಿಲ ಸಂದೀಲಿ ನಿಂತ ಹಾಗೆ. ನೀನು ಹುಟ್ಟಿದಾಗಿಂದ ನಿನ್ನ ಅಕ್ಕ ಆಗಿದ್ದೀನಿ, ಇನ್ನೂ ಅಷ್ಟು ಗೊತ್ತಾಗಲ್ವಾ? ಆದ್ರೆ ಗೊತ್ತಾಗೋ ಹೊತ್ತಿಗೆ ಬಾಯಿಂದ ಮಾತು ಹೋಗಿತ್ತು.” ಆ ತುದಿಯಲ್ಲಿ ಕುರ್ಚಿ ಎಳೆದ ಸದ್ದು, ಕೂತ ಸದ್ದು. “ಅಂದಿದ್ದು ಅಂದೆ. ಇಲ್ಲ ಅಂತ ಹೇಳಲ್ಲ. ಸಿಟ್ಟಿತ್ತು. ಆದ್ರೆ ಇನ್ನೊಂದು ಮಾತಿದೆ, ಅದನ್ನ ಚಿಕ್ಕಮ್ಮನಿಗೂ ಹೇಳಿಲ್ಲ, ಯಾರಿಗೂ ಹೇಳಿಲ್ಲ. ನೀನು ಗಡಿಯಾರ ನೋಡ್ತಿದ್ದದ್ದು ನನಗೆ ಹೇಗೆ ಗೊತ್ತು ಹೇಳು? ಬಾಗಿಲಾಚೆ ನಿಂತು ಸಂದೀಲಿ ನೋಡ್ತಿದ್ದೆ. ಒಳಗೆ ಬರೋಕೆ ಕಾಲೇ ಬರಲಿಲ್ಲ ನನಗೆ. ದೊಡ್ಡ ಮಗಳು ಅಂತ ಹೆಸರು. ನೀನು ಮಣಿಕಟ್ಟಾದ್ರೂ ಹಿಡಿದಿದ್ದೆ. ನಾನು ಬಾಗಿಲ ಚಿಲಕ ಹಿಡಿದಿದ್ದೆ.”

ತಂತಿಯಲ್ಲಿ ಹಿಂದೆ ದೂರು ಬರೆಸಿದ್ದ ಅದೇ ಗರಗರ ಸಣ್ಣಗೆ ಕೇಳುತ್ತಿತ್ತು. ಆ ದಿನದ ಸಂಕಟದಲ್ಲಿ ಅವಳು ರಿಪೇರಿಯನ್ನೇ ಮಾಡಿಸಿರಲಿಲ್ಲ; ದೂರು ಎಲ್ಲೋ ಕಾಗದದ ಅಡಿಯಲ್ಲಿ ಸತ್ತುಹೋಗಿತ್ತು. ಅದನ್ನು ನೆನೆದು ಅವಳಿಗೆ ಇದ್ದಕ್ಕಿದ್ದ ಹಾಗೆ ನಗು ಬಂತು, ಮೂಗಿನಿಂದ, ಅಳುವಿನ ಜೊತೆಗೇ. “ಹನ್ನೊಂದು ವರ್ಷದಿಂದ ಈ ಗರಗರ ಇಟ್ಕೊಂಡಿದ್ದೀಯಾ?”

“ಯಾರಿಗೆ ಹೇಳಲಿ? ದೂರು ನೋಡೋಳು ನೀನೇ ಅಲ್ವಾ.”

ಅವಳು ಕಣ್ಣೊರೆಸಿಕೊಂಡು ಪಟ್ಟಿಯ ವಿಷಯ ಹೇಳಿದಳು. ಎಂಬತ್ತೆರಡು ನಂಬರು, ನಾನೂರಿನ ಗಡಿ, ಬಾರಿಸದೆ ಬರೆದ ‘ಇಲ್ಲ’. ಅದನ್ನು ಹೇಳುವಾಗ ಅಕ್ಕ ಸಿಟ್ಟಾಗಬಹುದೆಂದು ಕಾದಳು. ಅಕ್ಕ ಲೆಕ್ಕ ಬಿಡಿಸಿಕೊಳ್ಳುತ್ತಿದ್ದಳು. “ಅಂದ್ರೆ ನಾನೊಬ್ಬಳೇ ಇಪ್ಪತ್ತು ಜನಾನಾ?”

“ಲೆಕ್ಕದಲ್ಲಿ ಹಾಗೆ.”

“ಚೆನ್ನಾಯ್ತು. ಒಬ್ಬಳು ಅಕ್ಕನ್ನ ತಡೀಲಾರದೆ ಹನ್ನೊಂದು ವರ್ಷ ಮಾತು ಬಿಟ್ಟೆ. ಇಪ್ಪತ್ತು ಜನ ಅಕ್ಕಂದಿರನ್ನ ಹೇಗೆ ಸುಧಾರಿಸ್ತೀಯೆ ತಾಯೀ?” ಈ ಸಲ ಇಬ್ಬರೂ ನಕ್ಕರು. ಅಕ್ಕನ ನಗು ಬದಲಾಗಿರಲಿಲ್ಲ, ಕೊನೆಯಲ್ಲಿ ಕೆಮ್ಮಾಗುತ್ತಿತ್ತು. ಭಾನುವಾರ ಬರುತ್ತೇನೆ ಎಂದಳು ತಂಗಿ. ಶನಿವಾರ ಬಾ, ಭಾನುವಾರಕ್ಕೆ ಯಾಕೆ ಕಾಯಬೇಕು, ಎಂದಳು ಅಕ್ಕ. ಮೊದಲು ಇಡು ಎಂದು ಇಬ್ಬರೂ ಹೇಳಿ, ಇಬ್ಬರೂ ಇಡದೆ, ಕೊನೆಗೆ ಅಕ್ಕನೇ ಬೈದು ಇಟ್ಟಳು.

ಮೂರೂವರೆಗೆ ಅವಳು ಪಟ್ಟಿ ಹಿಡಿದು ತಾನೇ ಕೆಳಗಿಳಿದಳು. ರಬ್ಬರು ಜೊತೆಯಲ್ಲಿತ್ತು, ಅಳಿಸಿರಲಿಲ್ಲ. ಅಧಿಕಾರಿಯ ಮುಂದೆ ಹಾಳೆ ಇಟ್ಟು ಬೆರಳು ತೋರಿಸಿದಳು. “ಇದೊಂದು ನಿನ್ನೆ ಬಾರಿಸದೆ ‘ಇಲ್ಲ’ ಅಂತ ಬರೆದಿದ್ದೆ. ಇವತ್ತು ಬಾರಿಸಿದೆ. ಒಂಬತ್ತನೇ ಗಂಟೆಗೆ ಎತ್ತಿದ್ರು. ನನ್ನ ಅಕ್ಕನ ಮನೆ.” ಮಾತು ಮುಗಿದ ಮೇಲೆ ಎಷ್ಟು ಚಿಕ್ಕದಾಗಿತ್ತು ಎಂದು ಅವಳಿಗೇ ಆಶ್ಚರ್ಯವಾಯಿತು, ನಿನ್ನೆಯಿಂದ ಎದೆಯ ಮೇಲೆ ಕೂತ ಕಲ್ಲು ನಾಲ್ಕು ವಾಕ್ಯವಾಗಿತ್ತು. ಅವನು ಹಾಳೆಯನ್ನು ನೋಡಿದ, ಅವಳನ್ನು ನೋಡಿದ. ಕೆಂಪಗಾದ ಅವಳ ಮೂಗನ್ನು ನೋಡದವನ ಹಾಗೆ ಮತ್ತೆ ಹಾಳೆಯನ್ನು ನೋಡಿದ.

“ಬೇರೆ ಯಾವುದಾದ್ರೂ ಹೀಗೆ ಇದೆಯಾ ಅಮ್ಮ?”

“ಇಲ್ಲ. ಅದೊಂದೇ. ಬೇಕಾದ್ರೆ ನೀವೇ ಎಲ್ಲ ಮತ್ತೆ ಬಾರಿಸಿ ನೋಡಿ. ಇದನ್ನೂ.”

ಅವನು ಪೆನ್ನಿನ ಮುಚ್ಚಳ ಕಚ್ಚಿದ. ಸಂಬಂಧಿಕರ ನಂಬರು ತೆಗೆದುಹಾಕಬೇಕೇ ಎಂದು ಯೋಚಿಸುತ್ತಿದ್ದಾನೆ ಎಂದು ಅವಳಿಗೆ ಗೊತ್ತಾಯಿತು. ಆ ಒಂದು ಗಳಿಗೆ ಉದ್ದವಾಗಿತ್ತು. ಅಚ್ಚರಿಯೆಂದರೆ, ತೆಗೆದರೆ ತೆಗೆಯಲಿ ಎನ್ನಿಸುವಷ್ಟು ಅವಳ ಮೈ ಹಗುರವಾಗಿತ್ತು. ಶನಿವಾರವನ್ನು ಯಾರೂ ತೆಗೆದುಹಾಕುವ ಹಾಗಿರಲಿಲ್ಲ. ಅವನು ತನ್ನ ಫೋನಿನಲ್ಲೇ ಆ ನಂಬರು ಒತ್ತಿ ಕಿವಿಗಿಟ್ಟುಕೊಂಡ. ಈ ಸಲ ಮೂರನೆಯ ಗಂಟೆಗೇ ಎತ್ತಿದ ಹಾಗಿತ್ತು, ಯಾಕೆಂದರೆ ಅವನು ಬಾಯಿ ತೆರೆಯುವ ಮೊದಲೇ ಆ ಕಡೆಯಿಂದ ಏನೋ ಜೋರಾಗಿ ಕೇಳಿ ಅವನ ಹುಬ್ಬು ಮೇಲೇರಿತು. “ಅಲ್ಲಮ್ಮ, ಸಣ್ಣಿ ಅಲ್ಲ, ನಾನು ಅಧಿಕಾರಿ… ಹೌದು… ಹೌದಮ್ಮ… ಇಲ್ಲ, ಅವರಿಗೆ ಬೈದಿಲ್ಲ… ಆಯ್ತು, ಗರಗರ ಸರಿ ಮಾಡಿಸ್ತೀನಿ.” ಇಟ್ಟು ಹಣೆ ಒರೆಸಿಕೊಂಡ. “ಬಳಕೇಲಿದೆ,” ಎಂದ. “ಚೆನ್ನಾಗೇ ಬಳಕೇಲಿದೆ.” ‘ಇಲ್ಲ’ವನ್ನು ಅಡ್ಡಗೆರೆ ಹೊಡೆದು ಪಕ್ಕದಲ್ಲಿ ‘ಹೌದು’ ಬರೆದು, ಇಬ್ಬರ ಸಹಿ ಹಾಕಿಸಿದ. ಆಮೇಲೆ ಹಾಳೆಯ ಬುಡದಲ್ಲಿ ಗುಣಿಸಿದ, ಬೇಕಿಲ್ಲದಿದ್ದರೂ.

ಹೊರಡುವ ಮೊದಲು ಅವಳು ಮೇಜಿಗೆ ವಾಪಸು ಬಂದಳು. ಕಂಬಯ್ಯ ಇಟ್ಟುಹೋದದ್ದು ಮುಚ್ಚಳದಲ್ಲಿ ಆರಿತ್ತು, ನಿಂತೇ ತಿಂದಳು, ಹಸಿವಾಗಿತ್ತು. ಕಿಟಕಿಯ ಬಿಸಿಲು ಐದು ಮೇಜುಗಳ ಕಾಲಿನ ಗುರುತಿನ ಮೇಲೆ ಬಿದ್ದಿತ್ತು. ಸೂಜಿ ಹಾರಿಯೂ ಯಾರೂ ಎತ್ತದ ಮನೆಗಳು ಪಟ್ಟಿಯಲ್ಲಿ ಇಪ್ಪತ್ತೆರಡಿದ್ದವು. ಅಲ್ಲಿಯೂ ಯಾರಾದರೂ ಬರೀ ಕೇಳುತ್ತ ಕೂತಿರಬಹುದು, ನಾಳೆ ಅವಕ್ಕೆಲ್ಲ ಇನ್ನೊಮ್ಮೆ ಬಾರಿಸಬೇಕು, ಯಾವ ಹಾಳೆಗೂ ಅಲ್ಲ. ಕೈ ತೊಳೆದು, ಒರೆಸಿ, ಕೂತಳು. ಅದು ಬೆಳಗಿನ ಹತ್ತು ಗಂಟೆಯಲ್ಲ, ದೂರೂ ಇರಲಿಲ್ಲ. ಆ ನಂಬರು ಒತ್ತಿ ಹಿಡಿಕೆ ತಳ್ಳಿದಳು. ಸೂಜಿ ಹಾರಿತು, ದಿನಾ ಹಾರುವಷ್ಟೇ ಎತ್ತರಕ್ಕೆ, ಮೆಲ್ಲಗೆ ಇಳಿಯತೊಡಗಿತು. ಸಾಮಾನ್ಯವಾಗಿ ಅವಳು ಇಷ್ಟಕ್ಕೆ ಕೈ ಬಿಡುತ್ತಿದ್ದಳು. ಇವತ್ತು ಬಿಡಲಿಲ್ಲ. ಸೂಜಿ ಅರ್ಧ ಇಳಿದಿತ್ತು. ಇನ್ನೇನು ಮಲಗುತ್ತದೆ ಎನ್ನುವಾಗ ತಟ್ಟನೆ ಎದ್ದು, ಗಾಜಿನ ಬಲತುದಿಗೆ ಹೋಗಿ, ಆ ಕಡೆ ಎತ್ತಿ ಹಿಡಿದಾಗ ನಿಲ್ಲುವ ಹಾಗೆ, ಅಲ್ಲೇ ನಿಂತಿತು.